ಸೇಬಿನ ಸಕ್ಕರೆ ಸಾಗಣೆ ವಂಶವಾಹಿಗಳ ಜೀನೋಮ್ ಅಧ್ಯಯನ

ಸೇಬಿನ ಸಕ್ಕರೆ ಸಾಗಣೆ ವಂಶವಾಹಿಗಳು ಎಂದರೆ ಸೇಬಿನ ಮರದ ಜೀವಕೋಶಗಳ ಪೊರೆಗಳಲ್ಲಿ ನೆಲೆಸಿ, ಸಕ್ಕರೆಯ ಅಣುಗಳನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟಿಸುವ ಪ್ರೋಟೀನುಗಳ ತಯಾರಿಕೆಗೆ ಸೂಚನೆಯನ್ನು ಹೊಂದಿರುವ ವಂಶವಾಹಿಗಳು ಅಥವಾ ಜೀನ್‌ಗಳು. ಒಂದು ಜೀವಿಯ ಸಂಪೂರ್ಣ ಡಿಎನ್‌ಎ ಸಂಗ್ರಹಕ್ಕೆ ಜೀನೋಮ್ ಎಂದು ಹೆಸರು. ಜೀನೋಮನ್ನು ಆದ್ಯಂತವಾಗಿ ಶೋಧಿಸಿ, ಒಂದೇ ಮೂಲದಿಂದ ಕವಲೊಡೆದ ವಂಶವಾಹಿಗಳನ್ನೆಲ್ಲ ಪಟ್ಟಿಮಾಡಿ, ಅವುಗಳ ಸ್ಥಾನ, ರಚನೆ, ವಿಕಾಸ ಮತ್ತು ಕಾರ್ಯಗಳನ್ನು ಪರಿಶೀಲಿಸುವ ವಿಧಾನವನ್ನು ಜೀನೋಮ್‌ವ್ಯಾಪಿ ಅಧ್ಯಯನ ಎನ್ನಲಾಗುತ್ತದೆ.

ಹಣ್ಣಿನ ಸಿಹಿ ಮತ್ತು ಹುಳಿಗಳು ಸಕ್ಕರೆ ಹಾಗೂ ಆಮ್ಲಗಳು ಎಷ್ಟು ತಯಾರಾಗುತ್ತವೆ ಎಂಬುದನ್ನು ಮಾತ್ರವಲ್ಲದೆ, ಅವು ಎಲ್ಲಿಗೆ ಸಾಗಿ ಎಲ್ಲಿ ಸಂಗ್ರಹವಾಗುತ್ತವೆ ಎಂಬುದನ್ನೂ ಅವಲಂಬಿಸಿವೆ. ಆದ್ದರಿಂದ ಸಾಗಣೆ ಪ್ರೋಟೀನುಗಳ ಅಧ್ಯಯನವು ಸಸ್ಯಶಾಸ್ತ್ರದ ದೃಷ್ಟಿಯಿಂದಲೂ ಹಣ್ಣಿನ ತಳಿ ಅಭಿವೃದ್ಧಿಯ ದೃಷ್ಟಿಯಿಂದಲೂ ಪ್ರಾಮುಖ್ಯ ಪಡೆದಿದೆ. ಸೇಬಿನ ಜೀನೋಮ್ 2010ರಲ್ಲಿ ಪ್ರಕಟವಾದ ಬಳಿಕ ಇಂತಹ ಅಧ್ಯಯನಗಳು ಸಾಧ್ಯವಾದವು.

ಸೇಬಿನಲ್ಲಿ ಸಕ್ಕರೆಯ ಸಂಚಾರ

ಎಲೆಗಳು ದ್ಯುತಿಸಂಶ್ಲೇಷಣೆಯಿಂದ ತಯಾರಿಸಿದ ಆಹಾರವು ಫ್ಲೋಯಂ ಎಂಬ ಆಹಾರವಾಹಕ ಅಂಗಾಂಶದ ಮೂಲಕ ಬೇರು, ಚಿಗುರು, ಹೂವು ಮತ್ತು ಹಣ್ಣುಗಳನ್ನು ತಲುಪುತ್ತದೆ. ಬಹುಪಾಲು ಸಸ್ಯಗಳಲ್ಲಿ ಈ ಆಹಾರವು ಸುಕ್ರೋಸ್ ರೂಪದಲ್ಲಿ ಸಾಗುತ್ತದೆ. ಗುಲಾಬಿಯ ಕುಟುಂಬಕ್ಕೆ ಸೇರಿದ ಸೇಬು, ಪಿಯರ್, ಪೀಚ್, ಚೆರ್ರಿ ಮುಂತಾದ ಮರಗಳು ಇದಕ್ಕೆ ಭಿನ್ನವಾಗಿವೆ. ಇವುಗಳ ಎಲೆಗಳಲ್ಲಿ ಸುಕ್ರೋಸಿನ ಜೊತೆಗೆ ಸಾರ್ಬಿಟಾಲ್ ಎಂಬ ಸಕ್ಕರೆ ಆಲ್ಕೊಹಾಲೂ ತಯಾರಾಗುತ್ತದೆ. ಸೇಬಿನ ಮರದಲ್ಲಿ ಎಲೆಯಿಂದ ಹೊರಡುವ ಇಂಗಾಲದ ಹೆಚ್ಚಿನ ಪಾಲು ಸಾರ್ಬಿಟಾಲ್ ರೂಪದಲ್ಲಿಯೇ ಸಾಗುತ್ತದೆ.

ಹಣ್ಣನ್ನು ಸೇರಿದ ಸಾರ್ಬಿಟಾಲನ್ನು ಸಾರ್ಬಿಟಾಲ್ ಡಿಹೈಡ್ರೋಜಿನೇಸ್ ಎಂಬ ಕಿಣ್ವವು ಮುಖ್ಯವಾಗಿ ಫ್ರಕ್ಟೋಸ್ ಆಗಿ ಪರಿವರ್ತಿಸುತ್ತದೆ. ಸುಕ್ರೋಸನ್ನು ಇನ್ವರ್ಟೇಸ್ ಕಿಣ್ವವು ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳಾಗಿ ಒಡೆಯುತ್ತದೆ. ಎರಡೂ ದಾರಿಗಳಿಂದ ಫ್ರಕ್ಟೋಸ್ ದೊರೆಯುವುದರಿಂದ ಮಾಗಿದ ಸೇಬಿನಲ್ಲಿ ಅದರ ಪ್ರಮಾಣವೇ ಉಳಿದ ಸಕ್ಕರೆಗಳಿಗಿಂತ ಹೆಚ್ಚಾಗಿರುತ್ತದೆ. ನಾಲಿಗೆಗೆ ಫ್ರಕ್ಟೋಸ್ ಸುಕ್ರೋಸಿಗಿಂತ ಹೆಚ್ಚು ಸಿಹಿಯಾಗಿಯೂ, ಗ್ಲೂಕೋಸ್ ಸುಕ್ರೋಸಿಗಿಂತ ಕಡಿಮೆ ಸಿಹಿಯಾಗಿಯೂ ತೋರುತ್ತದೆ. ಹೀಗಾಗಿ ಒಟ್ಟು ಸಕ್ಕರೆಯ ಪ್ರಮಾಣ ಒಂದೇ ಆಗಿದ್ದರೂ, ಯಾವ ಸಕ್ಕರೆ ಎಷ್ಟಿದೆ ಎಂಬುದು ರುಚಿಯನ್ನು ಬದಲಿಸಬಲ್ಲದು.

ಫ್ಲೋಯಂನಿಂದ ಹಣ್ಣಿನ ತಿರುಳಿಗೆ ಸಕ್ಕರೆ ಇಳಿಯಲು ಎರಡು ಮಾರ್ಗಗಳಿವೆ. ಮೊದಲನೆಯದರಲ್ಲಿ ಅದು ಕೋಶಗಳನ್ನು ಜೋಡಿಸುವ ಸೂಕ್ಷ್ಮ ನಾಳಗಳ ಮೂಲಕ, ಪೊರೆಯನ್ನು ದಾಟದೆಯೇ, ಒಂದು ಕೋಶದಿಂದ ಇನ್ನೊಂದಕ್ಕೆ ಹರಿಯುತ್ತದೆ. ಎರಡನೆಯದರಲ್ಲಿ ಸಕ್ಕರೆಯು ಪೊರೆಯನ್ನು ದಾಟಿ ಕೋಶಗಳ ಹೊರಗಿನ ಅವಕಾಶಕ್ಕೆ ಬಂದು, ಅಲ್ಲಿಂದ ಮತ್ತೊಂದು ಪೊರೆಯನ್ನು ದಾಟಿ ತಿರುಳಿನ ಕೋಶದೊಳಗೆ ಹೋಗುತ್ತದೆ. ಬೆಳೆಯುತ್ತಿರುವ ಸೇಬಿನ ಹಣ್ಣಿನಲ್ಲಿ ಸಕ್ಕರೆಯು ಎರಡನೆಯ ಮಾರ್ಗವನ್ನು ಹಿಡಿಯುತ್ತದೆ ಎಂಬುದಕ್ಕೆ 2004ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಪುರಾವೆ ಒದಗಿಸಿತು.

ಕೋಶದೊಳಗೆ ಬಂದ ಸಕ್ಕರೆಯ ಪಯಣ ಅಲ್ಲಿಗೇ ಮುಗಿಯುವುದಿಲ್ಲ. ಮಾಗಿದ ತಿರುಳಿನ ಕೋಶದ ಬಹುಭಾಗವನ್ನು ರಸದಾನಿ ಎಂಬ ದೊಡ್ಡ ಚೀಲವು ಆವರಿಸಿರುತ್ತದೆ. ಸಕ್ಕರೆ ಮತ್ತು ಆಮ್ಲಗಳು ಸಂಗ್ರಹವಾಗುವುದು ಇದರಲ್ಲಿ. ಹಾಗಾಗಿ ಎಲೆಯಲ್ಲಿ ಹುಟ್ಟಿದ ಸಕ್ಕರೆಯ ಅಣುವೊಂದು ಹಣ್ಣಿನ ರಸದಾನಿಯನ್ನು ಸೇರುವ ಮುನ್ನ ಹಲವು ಪೊರೆಗಳನ್ನು ದಾಟಬೇಕು. ಪೊರೆಗಳು ಕೊಬ್ಬಿನ ಪದರಗಳಿಂದಾದವು, ಸಕ್ಕರೆ ನೀರಿನಲ್ಲಿ ಕರಗುವ ವಸ್ತು. ಪ್ರೋಟೀನಿನ ನೆರವಿಲ್ಲದೆ ಅದು ಈ ಪದರಗಳನ್ನು ಗಣನೀಯ ಪ್ರಮಾಣದಲ್ಲಿ ದಾಟಲಾರದು.

ಸಾಗಣೆ ಪ್ರೋಟೀನುಗಳ ಕುಟುಂಬಗಳು

ಸಸ್ಯಗಳ ಸಕ್ಕರೆ ಸಾಗಣೆ ಪ್ರೋಟೀನುಗಳನ್ನು ಸ್ಥೂಲವಾಗಿ ಮೂರು ಗುಂಪುಗಳಾಗಿ ವಿಂಗಡಿಸಬಹುದು.

ಸುಕ್ರೋಸ್ ಸಾಗಣೆ ಪ್ರೋಟೀನುಗಳು: ಪೊರೆಯನ್ನು 12 ಬಾರಿ ಹಾದುಹೋಗುವ ಸರಪಳಿಯುಳ್ಳ ಪ್ರೋಟೀನುಗಳಿವು. ಇವು ಪ್ರೋಟಾನುಗಳ, ಅಂದರೆ ಹೈಡ್ರೋಜನ್ ಅಯಾನುಗಳ, ಹರಿವನ್ನು ಬಳಸಿಕೊಂಡು ಸುಕ್ರೋಸನ್ನು ಕಡಿಮೆ ಸಾಂದ್ರತೆಯಿರುವ ಕಡೆಯಿಂದ ಹೆಚ್ಚು ಸಾಂದ್ರತೆಯಿರುವ ಕಡೆಗೂ ಸಾಗಿಸಬಲ್ಲವು.

ಏಕಶರ್ಕರ ಸಾಗಣೆ ಪ್ರೋಟೀನುಗಳು: ಇವೂ 12 ಬಾರಿ ಪೊರೆಯನ್ನು ಹಾಯುತ್ತವೆ. ಸಾಸಿವೆಯ ಕುಟುಂಬಕ್ಕೆ ಸೇರಿದ ಮಾದರಿ ಸಸ್ಯವಾದ ಅರಬಿಡಾಪ್ಸಿಸ್‌ನಲ್ಲಿ ಇಂತಹ 53 ವಂಶವಾಹಿಗಳಿದ್ದು, ಅವು ಏಳು ಉಪಕುಟುಂಬಗಳಾಗಿ ಹಂಚಿಹೋಗಿವೆ. ಕೋಶದ ಹೊರಪೊರೆಯಲ್ಲಿದ್ದು ಗ್ಲೂಕೋಸಿನಂತಹ ಸಕ್ಕರೆಗಳನ್ನು ಒಳಸೆಳೆಯುವ ಎಸ್‌ಟಿಪಿ, ರಸದಾನಿಯ ಪೊರೆಯಲ್ಲಿದ್ದು ಸಕ್ಕರೆಯನ್ನು ಒಳಗೆ ತುಂಬುವ ಟಿಎಸ್‌ಟಿ, ರಸದಾನಿಯಿಂದ ಗ್ಲೂಕೋಸನ್ನು ಹೊರಬಿಡುವ ಸದಸ್ಯರಿರುವ ಇಆರ್‌ಡಿಎಲ್ ಉಪಕುಟುಂಬಗಳು ಇವುಗಳಲ್ಲಿ ಸೇರಿವೆ. ಸೇಬಿನ ಸಾರ್ಬಿಟಾಲ್ ಸಾಗಣೆ ಪ್ರೋಟೀನುಗಳು ಇದೇ ಗುಂಪಿನ ಇನ್ನೊಂದು ಉಪಕುಟುಂಬಕ್ಕೆ ಸೇರುತ್ತವೆ.

ಸ್ವೀಟ್ ಪ್ರೋಟೀನುಗಳು: ಇವನ್ನು ಸಕ್ಕರೆ ಸಾಗಣೆ ಪ್ರೋಟೀನುಗಳೆಂದು ಗುರುತಿಸಿದ್ದು 2010ರಲ್ಲಿ. ಇವು ಪೊರೆಯನ್ನು ಹಾಯುವುದು ಏಳು ಬಾರಿ ಮಾತ್ರ. ಪ್ರೋಟಾನುಗಳ ಹರಿವನ್ನು ಅವಲಂಬಿಸದೆ, ಸಾಂದ್ರತೆ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಸಕ್ಕರೆಯನ್ನು ಬಿಟ್ಟುಕೊಡುವುದು ಇವುಗಳ ಸ್ವಭಾವ. ಸಾಂದ್ರತೆಯ ವ್ಯತ್ಯಾಸ ಬದಲಾದರೆ ಸಾಗಣೆಯ ದಿಕ್ಕೂ ಬದಲಾಗಬಲ್ಲದು.

ಸ್ವೀಟ್ ಕುಟುಂಬ

ಸ್ವೀಟ್ ಪ್ರೋಟೀನಿನಲ್ಲಿ ಮೂರು ಸುರುಳಿಗಳ ಒಂದು ಘಟಕ, ಅದರ ಬಳಿಕ ಜೋಡಣೆಯ ಕೆಲಸ ಮಾಡುವ ಒಂದು ಸುರುಳಿ, ಮತ್ತೆ ಮೂರು ಸುರುಳಿಗಳ ಇನ್ನೊಂದು ಘಟಕ ಇರುತ್ತವೆ. ಬ್ಯಾಕ್ಟೀರಿಯಾಗಳಲ್ಲಿ ಮೂರೇ ಸುರುಳಿಗಳುಳ್ಳ ಅರೆಸ್ವೀಟ್ ಪ್ರೋಟೀನುಗಳು ದೊರೆತಿವೆ. ಇಂತಹ ಘಟಕವೊಂದು ಇಮ್ಮಡಿಯಾಗಿ ಜೋಡಣೆಗೊಂಡು ಸಸ್ಯಗಳ ಸ್ವೀಟ್ ಪ್ರೋಟೀನ್ ರೂಪುಗೊಂಡಿರಬೇಕೆಂಬ ವಿವರಣೆಗೆ ಇದು ಆಧಾರವಾಗಿದೆ. ಭತ್ತದ ಸ್ವೀಟ್ ಪ್ರೋಟೀನೊಂದರ ಮೂರು ಆಯಾಮದ ರಚನೆ 2015ರಲ್ಲಿ ಪ್ರಕಟವಾಯಿತು. ಮನುಷ್ಯನಲ್ಲಿಯೂ ಈ ಕುಟುಂಬದ ಒಂದು ವಂಶವಾಹಿ ಇದೆ.

ಅರಬಿಡಾಪ್ಸಿಸ್‌ನಲ್ಲಿ 17 ಮತ್ತು ಭತ್ತದಲ್ಲಿ 21 ಸ್ವೀಟ್ ವಂಶವಾಹಿಗಳಿವೆ. ವಂಶವೃಕ್ಷದಲ್ಲಿ ಇವು ನಾಲ್ಕು ಶಾಖೆಗಳಾಗಿ ಬೇರ್ಪಡುತ್ತವೆ. ಒಂದು ಮತ್ತು ಎರಡನೆಯ ಶಾಖೆಯ ಸದಸ್ಯರು ಪ್ರಧಾನವಾಗಿ ಗ್ಲೂಕೋಸಿನಂತಹ ಏಕಶರ್ಕರಗಳನ್ನೂ, ಮೂರನೆಯ ಶಾಖೆಯವು ಸುಕ್ರೋಸನ್ನೂ ಸಾಗಿಸುತ್ತವೆ. ನಾಲ್ಕನೆಯ ಶಾಖೆಯವು ರಸದಾನಿಯ ಪೊರೆಯಲ್ಲಿದ್ದು ಫ್ರಕ್ಟೋಸ್ ಸಾಗಣೆಯಲ್ಲಿ ಪಾಲ್ಗೊಳ್ಳುತ್ತವೆ. ಅರಬಿಡಾಪ್ಸಿಸ್‌ನ ಎಲೆಗಳಲ್ಲಿ ಸುಕ್ರೋಸನ್ನು ಫ್ಲೋಯಂ ಬಳಿಗೆ ಹೊರಬಿಡುವ ಕೆಲಸವನ್ನು ಮೂರನೆಯ ಶಾಖೆಯ ಸ್ವೀಟ್-11 ಮತ್ತು ಸ್ವೀಟ್-12 ಮಾಡುತ್ತವೆ ಎಂಬುದು 2012ರಲ್ಲಿ ಸಿದ್ಧಪಟ್ಟಿತು.

ಈ ವಿಂಗಡಣೆ ಉಪಯುಕ್ತವಾದರೂ ಪರಿಪೂರ್ಣವಲ್ಲ. ಅರಬಿಡಾಪ್ಸಿಸ್‌ನ ಸ್ವೀಟ್-13 ಮತ್ತು ಸ್ವೀಟ್-14 ಪ್ರೋಟೀನುಗಳು ಜಿಬ್ಬರೆಲಿನ್ ಎಂಬ ಸಸ್ಯ ಹಾರ್ಮೋನನ್ನೂ ಸಾಗಿಸಬಲ್ಲವು ಎಂದು 2016ರಲ್ಲಿ ವರದಿಯಾಯಿತು. ಒಂದು ವಂಶವಾಹಿ ಯಾವ ಶಾಖೆಯಲ್ಲಿದೆ ಎಂಬುದರಿಂದ ಅದರ ಕಾರ್ಯವನ್ನು ಊಹಿಸಬಹುದೇ ಹೊರತು ನಿರ್ಧರಿಸಲಾಗದು.

ಸೇಬಿನ ಜೀನೋಮ್

ಕೃಷಿಯಲ್ಲಿರುವ ಸೇಬಿನ ಮುಖ್ಯ ಪೂರ್ವಜ ಮಧ್ಯ ಏಷ್ಯಾದ ತಿಯಾನ್ ಶಾನ್ ಪರ್ವತಶ್ರೇಣಿಯ ಕಾಡುಸೇಬು. ಮಾನವನೊಂದಿಗೆ ಪಶ್ಚಿಮಕ್ಕೆ ಸಾಗಿದಾಗ ಅದು ಯೂರೋಪಿನ ಕಾಡುಸೇಬಿನೊಂದಿಗೂ ಸಂಕರಗೊಂಡಿತು. ಸಾಮಾನ್ಯ ತಳಿಗಳಲ್ಲಿ 17 ಜೋಡಿ ವರ್ಣತಂತುಗಳಿವೆ.

ಗೋಲ್ಡನ್ ಡೆಲಿಷಿಯಸ್ ತಳಿಯ ಜೀನೋಮಿನ ಮೊದಲ ಕರಡು 2010ರಲ್ಲಿ ಪ್ರಕಟವಾಯಿತು. ಬಹು ಹಿಂದೆ ಸೇಬಿನ ಪೂರ್ವಜನ ಇಡೀ ಜೀನೋಮ್ ಇಮ್ಮಡಿಯಾಗಿತ್ತು ಎಂಬುದನ್ನು ಇದು ತೋರಿಸಿತು. ಒಂಬತ್ತು ವರ್ಣತಂತುಗಳಿದ್ದ ಪೂರ್ವಜನಲ್ಲಿ ಅವು ಹದಿನೆಂಟಾಗಿ, ಬಳಿಕ ಮರುಜೋಡಣೆಗೊಂಡು ಹದಿನೇಳಾದವು. ಇಂದಿನ ಸೇಬಿನಲ್ಲಿ 3 ಮತ್ತು 11, 5 ಮತ್ತು 10, 9 ಮತ್ತು 17, 13 ಮತ್ತು 16ನೆಯ ವರ್ಣತಂತುಗಳು ಪರಸ್ಪರ ಹೋಲುವುದು ಈ ಪ್ರಾಚೀನ ಘಟನೆಯ ಕುರುಹು. ಸೇಬಿನ ಅನೇಕ ವಂಶವಾಹಿ ಕುಟುಂಬಗಳು ಅರಬಿಡಾಪ್ಸಿಸ್‌ನ ಕುಟುಂಬಗಳಿಗಿಂತ ದೊಡ್ಡದಾಗಿರಲು ಇದೇ ಪ್ರಮುಖ ಕಾರಣ.

ಮೊದಲ ಕರಡಿನಲ್ಲಿ 57,386 ವಂಶವಾಹಿಗಳನ್ನು ಅಂದಾಜಿಸಲಾಗಿತ್ತು. 2017ರಲ್ಲಿ ಪ್ರಕಟವಾದ, ಹೆಚ್ಚು ನಿಖರವಾದ ಅನುಕ್ರಮದಲ್ಲಿ ಪ್ರೋಟೀನ್ ಸಂಕೇತಿಸುವ ವಂಶವಾಹಿಗಳ ಸಂಖ್ಯೆ 42,140ಕ್ಕೆ ಇಳಿಯಿತು. ಇಳಿಕೆಗೆ ಕಾರಣ ಸೇಬಿನ ಸಂತಾನಕ್ರಮದಲ್ಲಿದೆ. ಸೇಬಿನ ಹೂವು ಸಾಮಾನ್ಯವಾಗಿ ತನ್ನದೇ ಪರಾಗದಿಂದ ಕಾಯಿಗಟ್ಟುವುದಿಲ್ಲ. ಬೇರೆ ತಳಿಯ ಪರಾಗ ಬೇಕಾಗುವುದರಿಂದ ತಾಯಿಯಿಂದ ಬಂದ ವರ್ಣತಂತುವಿಗೂ ತಂದೆಯಿಂದ ಬಂದ ವರ್ಣತಂತುವಿಗೂ ವ್ಯತ್ಯಾಸಗಳು ಹೇರಳ. ಹಳೆಯ ವಿಧಾನದಲ್ಲಿ ಒಂದೇ ವಂಶವಾಹಿಯ ಎರಡು ರೂಪಗಳು ಎರಡು ಪ್ರತ್ಯೇಕ ವಂಶವಾಹಿಗಳೆಂದು ಎಣಿಕೆಗೆ ಬರುವ ಸಾಧ್ಯತೆ ಇತ್ತು. 2017ರ ಅಧ್ಯಯನಕ್ಕೆ ಬಳಸಿದ ಗಿಡದಲ್ಲಿ ಪ್ರತಿ ಜೋಡಿಯ ಎರಡೂ ವರ್ಣತಂತುಗಳು ಒಂದೇ ಆಗಿದ್ದವು. ಇದರಿಂದ ಈ ಗೊಂದಲ ತಪ್ಪಿತು. 2020ರಲ್ಲಿ ಗಾಲಾ ತಳಿ ಹಾಗೂ ಎರಡೂ ಕಾಡುಸೇಬುಗಳ ಜೀನೋಮ್‌ಗಳು, ತಾಯಿ ಮತ್ತು ತಂದೆಯ ಪಾಲುಗಳನ್ನು ಬೇರ್ಪಡಿಸಿದ ರೂಪದಲ್ಲಿ ಪ್ರಕಟವಾದವು.

ಅಧ್ಯಯನದ ವಿಧಾನ

ವಂಶವಾಹಿ ಕುಟುಂಬವೊಂದರ ಜೀನೋಮ್‌ವ್ಯಾಪಿ ಅಧ್ಯಯನವು ಸಾಮಾನ್ಯವಾಗಿ ಕೆಳಗಿನ ಹಂತಗಳಲ್ಲಿ ನಡೆಯುತ್ತದೆ.

1. ಶೋಧನೆ: ಅರಬಿಡಾಪ್ಸಿಸ್ ಅಥವಾ ಭತ್ತದ ಪರಿಚಿತ ಪ್ರೋಟೀನುಗಳನ್ನು ಮಾದರಿಯಾಗಿಟ್ಟುಕೊಂಡು, ಸೇಬಿನ ಎಲ್ಲ ಪ್ರೋಟೀನ್ ಅನುಕ್ರಮಗಳಲ್ಲಿ ಅವುಗಳನ್ನು ಹೋಲುವವನ್ನು ಕಂಪ್ಯೂಟರ್ ತಂತ್ರಾಂಶದ ನೆರವಿನಿಂದ ಹುಡುಕಲಾಗುತ್ತದೆ. ಕುಟುಂಬದ ಲಕ್ಷಣವಾದ ಭಾಗಗಳು ಪೂರ್ಣವಾಗಿವೆಯೇ ಎಂದು ಪರಿಶೀಲಿಸಿ, ತುಂಡಾಗಿರುವ ಮತ್ತು ಪುನರಾವರ್ತಿತ ಅನುಕ್ರಮಗಳನ್ನು ಕೈಬಿಡಲಾಗುತ್ತದೆ.

2. ವಂಶವೃಕ್ಷ: ಸೇಬಿನ ಪ್ರೋಟೀನುಗಳನ್ನು ಇತರ ಸಸ್ಯಗಳವುಗಳೊಂದಿಗೆ ಹೋಲಿಸಿ ವಂಶವೃಕ್ಷ ರಚಿಸಲಾಗುತ್ತದೆ. ಹೆಸರುಗಳನ್ನು ಸಾಮಾನ್ಯವಾಗಿ ಇದರ ಆಧಾರದ ಮೇಲೆ ಕೊಡಲಾಗುತ್ತದೆ. ಅರಬಿಡಾಪ್ಸಿಸ್‌ನ ಒಂದು ಸದಸ್ಯಕ್ಕೆ ಸೇಬಿನಲ್ಲಿ ಹಲವು ಸಮಾನಗಳಿದ್ದರೆ ಅವನ್ನು ಎ, ಬಿ, ಸಿ ಎಂದು ಗುರುತಿಸುವುದುಂಟು.

3. ಸ್ಥಾನ ಮತ್ತು ಇಮ್ಮಡಿಕೆ: ಪ್ರತಿ ವಂಶವಾಹಿ ಯಾವ ವರ್ಣತಂತುವಿನಲ್ಲಿದೆ ಎಂಬುದನ್ನು ಗುರುತಿಸಲಾಗುತ್ತದೆ. ಹೋಲುವ ವಂಶವಾಹಿಗಳು ಒತ್ತೊತ್ತಾಗಿದ್ದರೆ ಸ್ಥಳೀಯ ಇಮ್ಮಡಿಕೆಯೆಂದೂ, ಪರಸ್ಪರ ಹೋಲುವ ಎರಡು ವರ್ಣತಂತುಗಳ ಅನುರೂಪ ಭಾಗಗಳಲ್ಲಿದ್ದರೆ ಜೀನೋಮ್ ಇಮ್ಮಡಿಕೆಯ ಫಲವೆಂದೂ ತೀರ್ಮಾನಿಸಲಾಗುತ್ತದೆ.

4. ಆಯ್ಕೆಯ ಒತ್ತಡ: ಡಿಎನ್‌ಎಯಲ್ಲಿ ಆಗುವ ಬದಲಾವಣೆಗಳಲ್ಲಿ ಕೆಲವು ಪ್ರೋಟೀನಿನ ಅಮೈನೋ ಆಮ್ಲವನ್ನು ಬದಲಿಸುತ್ತವೆ, ಕೆಲವು ಬದಲಿಸುವುದಿಲ್ಲ. ಇಮ್ಮಡಿಯಾದ ಜೋಡಿಯಲ್ಲಿ ಈ ಎರಡು ಬಗೆಯ ಬದಲಾವಣೆಗಳ ದರಗಳ ಅನುಪಾತವನ್ನು ಲೆಕ್ಕಹಾಕಲಾಗುತ್ತದೆ. ಅನುಪಾತವು ಒಂದಕ್ಕಿಂತ ಬಹಳ ಕಡಿಮೆಯಿದ್ದರೆ ಪ್ರೋಟೀನಿನ ರಚನೆಯನ್ನು ಪ್ರಕೃತಿಯ ಆಯ್ಕೆ ಕಾಪಾಡಿಕೊಂಡು ಬಂದಿದೆ ಎಂದರ್ಥ.

5. ಅಭಿವ್ಯಕ್ತಿ: ಎಲೆ, ಹೂವು, ಎಳೆಗಾಯಿ, ಮಾಗಿದ ಹಣ್ಣು ಮುಂತಾದ ಭಾಗಗಳಲ್ಲಿ ಪ್ರತಿ ವಂಶವಾಹಿಯಿಂದ ಎಷ್ಟು ಸಂದೇಶವಾಹಕ ಆರ್‌ಎನ್‌ಎ ತಯಾರಾಗುತ್ತಿದೆ ಎಂಬುದನ್ನು ಅಳೆಯಲಾಗುತ್ತದೆ. ಹಣ್ಣಿನ ಸಕ್ಕರೆಯ ಪ್ರಮಾಣದೊಂದಿಗೆ ಏರಿಳಿಯುವ ವಂಶವಾಹಿಗಳು ಮುಂದಿನ ಪರೀಕ್ಷೆಗೆ ಅಭ್ಯರ್ಥಿಗಳಾಗುತ್ತವೆ.

6. ಕಾರ್ಯದ ಪರೀಕ್ಷೆ: ಅಭ್ಯರ್ಥಿ ವಂಶವಾಹಿಯನ್ನು ಬೇರೊಂದು ಜೀವಿಯಲ್ಲಿ ಇರಿಸಿ ಅದರ ಕಾರ್ಯವನ್ನು ನೇರವಾಗಿ ನೋಡಲಾಗುತ್ತದೆ. ಗ್ಲೂಕೋಸ್ ಸಾಗಣೆಯ ವಂಶವಾಹಿಗಳನ್ನೆಲ್ಲ ತೆಗೆದುಹಾಕಿದ ಯೀಸ್ಟ್ ತಳಿಯೊಂದು ಇದಕ್ಕೆ ಬಹುವಾಗಿ ಬಳಕೆಯಲ್ಲಿದೆ. ಈ ಯೀಸ್ಟ್ ಮಾಲ್ಟೋಸ್ ಮೇಲೆ ಬದುಕುತ್ತದೆ, ಗ್ಲೂಕೋಸನ್ನೇ ಆಹಾರವಾಗಿ ಕೊಟ್ಟರೆ ಬೆಳೆಯಲಾರದು. ಸೇಬಿನ ವಂಶವಾಹಿಯನ್ನು ಸೇರಿಸಿದ ಮೇಲೆ ಅದು ಗ್ಲೂಕೋಸಿನಲ್ಲಿ ಬೆಳೆದರೆ, ಆ ಪ್ರೋಟೀನು ಗ್ಲೂಕೋಸನ್ನು ಸಾಗಿಸುತ್ತದೆ ಎಂದು ತಿಳಿಯುತ್ತದೆ. ಹಣ್ಣಿನ ಮೇಲಿನ ಪರಿಣಾಮವನ್ನು ಅರಿಯಲು ಬೇಗ ಕಾಯಿಬಿಡುವ ಟೊಮೇಟೊ ಗಿಡಗಳನ್ನೂ, ಪ್ರಯೋಗಾಲಯದಲ್ಲಿ ಬೆಳೆಸಿದ ಸೇಬಿನ ಅಂಗಾಂಶವನ್ನೂ ಬಳಸಲಾಗುತ್ತದೆ.

ಮೊದಲ ನಾಲ್ಕು ಹಂತಗಳನ್ನು ಪ್ರಕಟಿತ ಜೀನೋಮ್ ಮಾಹಿತಿಯಿಂದ ಕಂಪ್ಯೂಟರಿನಲ್ಲಿಯೇ ಪೂರೈಸಬಹುದು. ಆರನೆಯ ಹಂತಕ್ಕೆ ಮಾತ್ರ ಪ್ರತಿ ವಂಶವಾಹಿಗೂ ಪ್ರತ್ಯೇಕವಾಗಿ ದೀರ್ಘಕಾಲದ ಪ್ರಯೋಗ ಅಗತ್ಯ. ಆದ್ದರಿಂದ ಪ್ರಕಟವಾಗಿರುವ ಅಧ್ಯಯನಗಳಲ್ಲಿ ಕುಟುಂಬದ ಎಲ್ಲ ಸದಸ್ಯರ ಪಟ್ಟಿ ಸಿಗುತ್ತದೆಯಾದರೂ, ಕಾರ್ಯ ಸಿದ್ಧಪಟ್ಟಿರುವುದು ಕೆಲವೇ ಸದಸ್ಯರದ್ದು.

ಮುಖ್ಯ ಫಲಿತಾಂಶಗಳು

ಸ್ವೀಟ್ ವಂಶವಾಹಿಗಳು

ಸೇಬಿನಲ್ಲಿ ಗುರುತಿಸಲಾದ ಸ್ವೀಟ್ ವಂಶವಾಹಿಗಳ ಸಂಖ್ಯೆ ಬಳಸಿದ ಜೀನೋಮ್ ಆವೃತ್ತಿ ಮತ್ತು ಶೋಧನೆಯ ನಿಯಮಗಳಿಗೆ ಅನುಗುಣವಾಗಿ ಬದಲಾಗುತ್ತದೆ. ಪ್ರಕಟಿತ ಎಣಿಕೆಗಳಲ್ಲಿ ಅದು ಇಪ್ಪತ್ತೈದರಿಂದ ಮೂವತ್ತರ ಒಳಗಿದೆ. ಅರಬಿಡಾಪ್ಸಿಸ್‌ನಲ್ಲಿ ಕಂಡ ನಾಲ್ಕೂ ಶಾಖೆಗಳು ಸೇಬಿನಲ್ಲಿಯೂ ಇವೆ. ಎಲ್ಲ ಸದಸ್ಯರೂ ಹಣ್ಣಿನಲ್ಲಿ ಸಕ್ರಿಯವಲ್ಲ. ಕೆಲವು ಹೂವಿನಲ್ಲಿ, ಕೆಲವು ಎಲೆಯಲ್ಲಿ ಹೆಚ್ಚು ಅಭಿವ್ಯಕ್ತವಾಗುತ್ತವೆ. ಹಣ್ಣಿನ ಬೆಳವಣಿಗೆಯ ಅವಧಿಯಲ್ಲಿ ಸಕ್ರಿಯವಾಗಿರುವ ಕೆಲವು ಸದಸ್ಯರಿಗೂ ಹಣ್ಣಿನ ಸಕ್ಕರೆಯ ಪ್ರಮಾಣಕ್ಕೂ ಸಂಬಂಧವಿರುವುದು ತಳಿಗಳ ಹೋಲಿಕೆಯಿಂದ ಕಂಡುಬಂದಿದೆ.

ಸಾರ್ಬಿಟಾಲ್ ಸಾಗಣೆ ಮತ್ತು ವಾಟರ್‌ಕೋರ್

ಕೆಲವು ಸೇಬುಗಳನ್ನು ಕತ್ತರಿಸಿದಾಗ ತಿರುಳಿನ ಕೆಲವು ಭಾಗಗಳು ನೀರಿನಲ್ಲಿ ನೆನೆದಂತೆ ಅರೆಪಾರದರ್ಶಕವಾಗಿ ಕಾಣುತ್ತವೆ. ವಾಟರ್‌ಕೋರ್ ಎಂಬ ಈ ದೋಷದಲ್ಲಿ ಕೋಶಗಳ ನಡುವಿನ ಗಾಳಿಯ ಅವಕಾಶಗಳು ಸಾರ್ಬಿಟಾಲ್ ಹೆಚ್ಚಾಗಿರುವ ದ್ರವದಿಂದ ತುಂಬಿರುತ್ತವೆ. ಇಂತಹ ಹಣ್ಣುಗಳ ಬಾಧಿತ ತಿರುಳಿನಲ್ಲಿ ಸಾರ್ಬಿಟಾಲ್ ಸಾಗಣೆ ವಂಶವಾಹಿಗಳ ಅಭಿವ್ಯಕ್ತಿ ಕುಗ್ಗಿರುವುದನ್ನು 2005ರ ಅಧ್ಯಯನವೊಂದು ವರದಿಮಾಡಿತು. ಫ್ಲೋಯಂನಿಂದ ಬಂದ ಸಾರ್ಬಿಟಾಲನ್ನು ಕೋಶಗಳು ಒಳಗೆ ತೆಗೆದುಕೊಳ್ಳದಿದ್ದರೆ ಅದು ಹೊರಗೇ ಉಳಿದು ನೀರನ್ನು ಸೆಳೆದುಕೊಳ್ಳುತ್ತದೆ ಎಂಬುದು ಇದರ ವಿವರಣೆ. ಹಣ್ಣಿಗೆ ಆಹಾರ ತಲುಪುವುದು ಬೇರೆ, ಕೋಶಕ್ಕೆ ತಲುಪುವುದು ಬೇರೆ ಎಂಬುದಕ್ಕೆ ಈ ದೋಷ ಕಣ್ಣಿಗೆ ಕಾಣುವ ನಿದರ್ಶನ.

ರಸದಾನಿಯ ಪ್ರೋಟೀನುಗಳು

ಟಿಎಸ್‌ಟಿ ಪ್ರೋಟೀನುಗಳು ರಸದಾನಿಯಿಂದ ಪ್ರೋಟಾನನ್ನು ಹೊರಬಿಟ್ಟು ಅದಕ್ಕೆ ಪ್ರತಿಯಾಗಿ ಸಕ್ಕರೆಯನ್ನು ಒಳಗೆ ತುಂಬುತ್ತವೆ. ಸಕ್ಕರೆ ಬೀಟ್‌ರೂಟಿನ ಗೆಡ್ಡೆಯಲ್ಲಿ ಸುಕ್ರೋಸ್ ಸಂಗ್ರಹವಾಗುವುದು ಈ ಕುಟುಂಬದ ಒಂದು ಸದಸ್ಯದಿಂದ ಎಂಬುದು 2015ರಲ್ಲಿ ಪತ್ತೆಯಾಯಿತು.

ಸೇಬಿನಲ್ಲಿ ಈ ಕುಟುಂಬದ ಕುರಿತು ಅನಿರೀಕ್ಷಿತವಾದ ಫಲಿತಾಂಶವೊಂದು 2021ರಲ್ಲಿ ಪ್ರಕಟವಾಯಿತು. ಇಆರ್‌ಡಿಎಲ್-6 ಎಂಬ ಪ್ರೋಟೀನು ರಸದಾನಿಯಿಂದ ಗ್ಲೂಕೋಸನ್ನು ಹೊರಗೆ ಬಿಡುತ್ತದೆ. ಇದರ ಪ್ರಮಾಣ ಹೆಚ್ಚಿದರೆ ಸಂಗ್ರಹ ಕಡಿಮೆಯಾಗಬೇಕೆಂಬುದು ಸಹಜ ನಿರೀಕ್ಷೆ. ಆದರೆ ಸೇಬು ಮತ್ತು ಟೊಮೇಟೊಗಳಲ್ಲಿ ಈ ವಂಶವಾಹಿಯ ಅಭಿವ್ಯಕ್ತಿಯನ್ನು ಹೆಚ್ಚಿಸಿದಾಗ ಸಕ್ಕರೆಯ ಸಂಗ್ರಹ ಹೆಚ್ಚಿತು. ರಸದಾನಿಯಿಂದ ಹೊರಬಂದ ಗ್ಲೂಕೋಸ್ ಕೋಶದ್ರವದಲ್ಲಿ ಸಂಕೇತದಂತೆ ವರ್ತಿಸಿ ಟಿಎಸ್‌ಟಿ ವಂಶವಾಹಿಗಳನ್ನು ಚುರುಕುಗೊಳಿಸಿತು. ಅವು ಹೊರಹೋದದ್ದಕ್ಕಿಂತ ಹೆಚ್ಚು ಸಕ್ಕರೆಯನ್ನು ಒಳಗೆ ತುಂಬಿದವು. ಒಂದು ಪ್ರೋಟೀನಿನ ಸಾಗಣೆಯ ದಿಕ್ಕನ್ನು ಮಾತ್ರ ನೋಡಿ ಇಡೀ ಹಣ್ಣಿನ ಮೇಲೆ ಅದರ ಪರಿಣಾಮವನ್ನು ಹೇಳಲಾಗದು ಎಂಬುದು ಇದರಿಂದ ಸ್ಪಷ್ಟವಾಯಿತು.

ಹುಳಿಯ ವಂಶವಾಹಿ: ಹೋಲಿಕೆಗೆ ಒಂದು ಉದಾಹರಣೆ

ಸೇಬಿನ ಸಾಗಣೆ ವಂಶವಾಹಿಗಳಲ್ಲಿ ರುಚಿಯೊಂದಿಗಿನ ಸಂಬಂಧ ಅತ್ಯಂತ ಸ್ಪಷ್ಟವಾಗಿ ಸಿದ್ಧವಾಗಿರುವುದು ಸಕ್ಕರೆಯದಲ್ಲ, ಆಮ್ಲದ್ದು. ಸೇಬಿನ ಹುಳಿಗೆ ಮುಖ್ಯ ಕಾರಣ ಮ್ಯಾಲಿಕ್ ಆಮ್ಲ. ಹುಳಿ ಹೆಚ್ಚಿರುವ ಗುಣವು ಕಡಿಮೆಯಿರುವ ಗುಣದ ಮೇಲೆ ಪ್ರಬಲವೆಂಬುದು ತಳಿ ಸಂಕರಣಗಳಿಂದ ಮೊದಲೇ ತಿಳಿದಿತ್ತು. ಇದನ್ನು ನಿಯಂತ್ರಿಸುವ ಸ್ಥಾನ 16ನೆಯ ವರ್ಣತಂತುವಿನಲ್ಲಿದ್ದು, ಅದಕ್ಕೆ ಎಂಎ ಎಂಬ ಹೆಸರಿದೆ.

ಈ ಸ್ಥಾನದಲ್ಲಿರುವ ಎಂಎ-1 ವಂಶವಾಹಿಯು ಎಎಲ್‌ಎಂಟಿ ಕುಟುಂಬದ ಮ್ಯಾಲೇಟ್ ಸಾಗಣೆ ಪ್ರೋಟೀನನ್ನು ಸಂಕೇತಿಸುತ್ತದೆ ಎಂದು 2012ರಲ್ಲಿ ವರದಿಯಾಯಿತು. ಕಡಿಮೆ ಹುಳಿಯ ರೂಪದಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾಗಿ, ಪ್ರೋಟೀನ್ ತಯಾರಿಕೆ ಅವಧಿಗೆ ಮುನ್ನವೇ ನಿಲ್ಲುತ್ತದೆ. ಪ್ರೋಟೀನಿನ ಕೊನೆಯ 84 ಅಮೈನೋ ಆಮ್ಲಗಳು ಇಲ್ಲವಾಗುತ್ತವೆ. ಮ್ಯಾಲೇಟ್ ಸಾಗಣೆಗೆ ಈ ಕೊನೆಯ ಭಾಗವು ಅಗತ್ಯವೆಂದು 2020ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ತಂದೆ ತಾಯಿಗಳಿಬ್ಬರಿಂದಲೂ ಮೊಟಕಾದ ರೂಪವನ್ನೇ ಪಡೆದ ಮರದ ಹಣ್ಣುಗಳಲ್ಲಿ ಹುಳಿ ಕಡಿಮೆ.

ಎಎಲ್‌ಎಂಟಿ ಎಂಬ ಹೆಸರು ಅಲ್ಯೂಮಿನಿಯಂನಿಂದ ಪ್ರಚೋದಿತವಾಗುವ ಮ್ಯಾಲೇಟ್ ಸಾಗಣೆ ಪ್ರೋಟೀನ್ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಬಂದಿದೆ. ಈ ಕುಟುಂಬದ ಮೊದಲ ಸದಸ್ಯ 2004ರಲ್ಲಿ ಗೋಧಿಯ ಬೇರಿನಲ್ಲಿ ದೊರೆತಿತ್ತು. ಅಲ್ಲಿ ಅದು ಆಮ್ಲೀಯ ಮಣ್ಣಿನ ಅಲ್ಯೂಮಿನಿಯಂ ವಿಷದಿಂದ ಬೇರನ್ನು ರಕ್ಷಿಸುತ್ತದೆ. ಸೇಬಿನ ಹಣ್ಣಿನಲ್ಲಿ ಅದೇ ಕುಟುಂಬದ ಸದಸ್ಯಕ್ಕೆ ರಸದಾನಿಯಲ್ಲಿ ಹುಳಿ ತುಂಬುವ ಕೆಲಸವಿದೆ. ಕುಟುಂಬದ ಹೆಸರು ಅದರ ಮೊದಲ ಸದಸ್ಯನ ಚರಿತ್ರೆಯನ್ನು ಹೇಳುತ್ತದೆ, ಎಲ್ಲ ಸದಸ್ಯರ ಕಾರ್ಯವನ್ನಲ್ಲ.

ರೋಗಗಳೊಂದಿಗಿನ ಸಂಬಂಧ

ಸ್ವೀಟ್ ಪ್ರೋಟೀನುಗಳು ಕೋಶದಿಂದ ಸಕ್ಕರೆಯನ್ನು ಹೊರಬಿಡುವುದರಿಂದ ರೋಗಕಾರಕಗಳು ಅವುಗಳನ್ನು ದುರುಪಯೋಗಪಡಿಸಿಕೊಳ್ಳುತ್ತವೆ. ಭತ್ತದ ಬ್ಯಾಕ್ಟೀರಿಯಾ ಎಲೆ ಅಂಗಮಾರಿ ರೋಗವನ್ನು ತರುವ ಕ್ಸಾಂಥೊಮೊನಾಸ್ ಬ್ಯಾಕ್ಟೀರಿಯಾ, ಸಸ್ಯದ ಕೋಶದೊಳಗೆ ತನ್ನ ಪ್ರೋಟೀನನ್ನು ಸೇರಿಸಿ ಭತ್ತದ ಸ್ವೀಟ್-11, ಸ್ವೀಟ್-14 ಮುಂತಾದ ವಂಶವಾಹಿಗಳನ್ನು ಚಾಲನೆಗೊಳಿಸುತ್ತದೆ. ಹೊರಬಂದ ಸಕ್ಕರೆ ಬ್ಯಾಕ್ಟೀರಿಯಾಕ್ಕೆ ಆಹಾರವಾಗುತ್ತದೆ ಎಂದು ಭಾವಿಸಲಾಗಿದೆ. ಬ್ಯಾಕ್ಟೀರಿಯಾದ ಪ್ರೋಟೀನು ಅಂಟಿಕೊಳ್ಳುವ ಡಿಎನ್‌ಎ ಭಾಗ ಬದಲಾಗಿರುವ ಭತ್ತದ ತಳಿಗಳು ರೋಗವನ್ನು ತಡೆದುಕೊಳ್ಳುತ್ತವೆ.

ಹಣ್ಣಿನ ಮರಗಳಲ್ಲಿಯೂ ಹೀಗೆಯೇ ನಡೆಯುತ್ತದೆ ಎಂದು ಸಾಮ್ಯದಿಂದಲೇ ತೀರ್ಮಾನಿಸುವಂತಿಲ್ಲ. ಕಿತ್ತಳೆ, ನಿಂಬೆ ಜಾತಿಯ ಗಿಡಗಳಿಗೆ ಕಜ್ಜಿರೋಗ ತರುವುದೂ ಕ್ಸಾಂಥೊಮೊನಾಸ್ ಗುಂಪಿನ ಬ್ಯಾಕ್ಟೀರಿಯಾವೇ. ಅದು ಕೂಡ ಗಿಡದ ಸ್ವೀಟ್-1 ವಂಶವಾಹಿಯನ್ನು ಚುರುಕುಗೊಳಿಸುತ್ತದೆ. ಆದರೆ ಕಜ್ಜಿಯ ಗಂಟುಗಳು ಮೂಡಲು ನಿಜವಾಗಿ ಬೇಕಾದದ್ದು ಎಲ್‌ಒಬಿ-1 ಎಂಬ ಬೇರೊಂದು ವಂಶವಾಹಿ ಎಂದು 2014ರ ಸಂಶೋಧನೆ ತೋರಿಸಿತು. ರೋಗದ ಸಮಯದಲ್ಲಿ ಒಂದು ವಂಶವಾಹಿಯ ಅಭಿವ್ಯಕ್ತಿ ಏರಿತೆಂಬ ಮಾತ್ರಕ್ಕೆ ಅದೇ ರೋಗಕ್ಕೆ ಕಾರಣವಾಗುವುದಿಲ್ಲ.

ತಳಿ ಅಭಿವೃದ್ಧಿಯಲ್ಲಿ ಮಹತ್ವ

ಬೀಜದಿಂದ ಹುಟ್ಟಿದ ಸೇಬಿನ ಗಿಡವು ತಾಯಿಮರದ ಗುಣಗಳನ್ನು ಯಥಾವತ್ತಾಗಿ ಪಡೆಯುವುದಿಲ್ಲ. ಒಳ್ಳೆಯ ತಳಿಗಳನ್ನು ಕಸಿಯಿಂದಲೇ ಉಳಿಸಿಕೊಂಡು ಬರಲಾಗುತ್ತಿದೆ. ಹೊಸ ತಳಿ ಬೇಕಾದರೆ ಎರಡು ತಳಿಗಳನ್ನು ಸಂಕರಿಸಿ, ನೂರಾರು ಅಥವಾ ಸಾವಿರಾರು ಸಸಿಗಳನ್ನು ಬೆಳೆಸಿ, ಅವು ಕಾಯಿಬಿಡುವವರೆಗೆ ಹಲವು ವರ್ಷ ಕಾಯಬೇಕು. ಬಳಿಕ ಹಣ್ಣಿನ ರುಚಿ ನೋಡಿ ಬಹುತೇಕ ಗಿಡಗಳನ್ನು ಕಿತ್ತುಹಾಕಬೇಕಾಗುತ್ತದೆ. ಅಷ್ಟೂ ವರ್ಷ ಅವು ಬಳಸಿದ ನೆಲ, ನೀರು, ದುಡಿಮೆ ವ್ಯರ್ಥವಾಗುತ್ತವೆ.

ಗುಣವೊಂದಕ್ಕೆ ಕಾರಣವಾದ ಡಿಎನ್‌ಎ ವ್ಯತ್ಯಾಸ ತಿಳಿದಿದ್ದರೆ, ಸಸಿಯ ಎಲೆಯ ಚೂರೊಂದರಿಂದ ಅದನ್ನು ಪರೀಕ್ಷಿಸಿ ಬೇಡವಾದ ಸಸಿಗಳನ್ನು ಆರಂಭದಲ್ಲಿಯೇ ಬಿಡಬಹುದು. ಇದಕ್ಕೆ ಗುರುತುಗಳ ನೆರವಿನ ಆಯ್ಕೆ ಎಂದು ಹೆಸರು. ಹುಳಿಯ ವಿಷಯದಲ್ಲಿ ಎಂಎ-1ರ ವ್ಯತ್ಯಾಸವು ಇಂತಹ ಗುರುತಾಗಿ ಒದಗುತ್ತದೆ. ಸಿಹಿಯ ವಿಷಯ ಇಷ್ಟು ಸರಳವಲ್ಲ. ಅದನ್ನು ಅನೇಕ ವಂಶವಾಹಿಗಳು ಸೇರಿ ನಿರ್ಧರಿಸುತ್ತವೆ, ಪ್ರತಿಯೊಂದರ ಪಾಲೂ ಚಿಕ್ಕದು. ಆದ್ದರಿಂದ ಎಲ್ಲ ಸದಸ್ಯರ ಪೂರ್ಣ ಪಟ್ಟಿಗೆ ಇಲ್ಲಿ ಹೆಚ್ಚಿನ ಬೆಲೆಯಿದೆ. ಪಟ್ಟಿಯಲ್ಲಿಲ್ಲದ ವಂಶವಾಹಿಯನ್ನು ಪರೀಕ್ಷಿಸಲಾಗದು.

ಮಿತಿಗಳು

ಜೀನೋಮ್‌ವ್ಯಾಪಿ ಅಧ್ಯಯನಗಳ ಫಲಿತಾಂಶಗಳನ್ನು ಓದುವಾಗ ಕೆಲವು ಎಚ್ಚರಗಳು ಅವಶ್ಯ. ಕುಟುಂಬದ ಸದಸ್ಯರ ಸಂಖ್ಯೆ ಜೀನೋಮ್ ಆವೃತ್ತಿಯೊಂದಿಗೆ ಬದಲಾಗುತ್ತದೆ. ಒಂದೇ ವಂಶವಾಹಿಗೆ ಬೇರೆ ಬೇರೆ ಸಂಶೋಧನೆಗಳಲ್ಲಿ ಬೇರೆ ಬೇರೆ ಹೆಸರುಗಳಿರುವುದುಂಟು. ಆದ್ದರಿಂದ ಹೋಲಿಸುವಾಗ ಹೆಸರಿಗಿಂತ ಜೀನೋಮಿನಲ್ಲಿರುವ ಸ್ಥಾನವನ್ನು ನೋಡುವುದು ಸೂಕ್ತ. ಆರ್‌ಎನ್‌ಎ ಹೆಚ್ಚಿದ್ದ ಮಾತ್ರಕ್ಕೆ ಪ್ರೋಟೀನು ಹೆಚ್ಚಿದೆ ಅಥವಾ ಚುರುಕಾಗಿದೆ ಎಂದು ಹೇಳಲಾಗದು. ಅಭಿವ್ಯಕ್ತಿ ಮತ್ತು ಸಕ್ಕರೆ ಒಟ್ಟಿಗೆ ಏರಿದಾಗ ಯಾವುದು ಕಾರಣ, ಯಾವುದು ಪರಿಣಾಮ ಎಂಬ ಪ್ರಶ್ನೆಯೂ ಉಳಿಯುತ್ತದೆ, ಏಕೆಂದರೆ ಸಕ್ಕರೆಯೇ ಕೆಲವು ವಂಶವಾಹಿಗಳನ್ನು ನಿಯಂತ್ರಿಸುತ್ತದೆ.

ವಂಶವಾಹಿಗಳ ಹೊರಗಿನ ಅಂಶಗಳೂ ಇವೆ. ಒಂದೇ ಮರದಲ್ಲಿ, ಒಂದೇ ಜೀನೋಮ್ ಹೊಂದಿರುವ ಕೊಂಬೆಗಳಲ್ಲಿ, ಬಿಸಿಲು ಬಿದ್ದ ಹಣ್ಣಿಗೂ ನೆರಳಿನಲ್ಲಿರುವ ಹಣ್ಣಿಗೂ ಸಿಹಿಯಲ್ಲಿ ವ್ಯತ್ಯಾಸವಿರುತ್ತದೆ. ಒಂದು ಹಣ್ಣಿಗೆ ಎಷ್ಟು ಎಲೆಗಳ ಆಹಾರ ದೊರೆಯುತ್ತದೆ ಎಂಬುದೂ ಮುಖ್ಯ. ಬೆಳೆಗಾರರು ಎಳೆಗಾಯಿಗಳನ್ನು ವಿರಳಗೊಳಿಸಿ ಉಳಿದವುಗಳ ಗಾತ್ರ ಮತ್ತು ಗುಣಮಟ್ಟವನ್ನು ಹೆಚ್ಚಿಸುವುದು ಇದೇ ಕಾರಣಕ್ಕೆ. ಎಲೆಯಿಂದ ಹೊರಟ ಸಕ್ಕರೆಯ ಪ್ರಮಾಣವನ್ನು ಬಿಸಿಲು, ನೀರು ಮತ್ತು ಬೇಸಾಯಕ್ರಮಗಳು ನಿರ್ಧರಿಸಿದರೆ, ಅದು ಹಣ್ಣಿನ ಯಾವ ಭಾಗವನ್ನು ಯಾವ ರೂಪದಲ್ಲಿ ಸೇರುತ್ತದೆ ಎಂಬುದನ್ನು ನಿರ್ಧರಿಸುವಲ್ಲಿ ಸಾಗಣೆ ವಂಶವಾಹಿಗಳ ಪಾತ್ರ ಮುಖ್ಯವಾಗುತ್ತದೆ.